ಕೋಟಿನ ಎರಡನೇ ಗುಂಡಿ

ಭಾನುವಾರ ಬೆಳಿಗ್ಗೆ,
ಅಡುಗೆಮನೆಯ ಮೇಜಿನಿಂದ

ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಇದನ್ನು ಓದುತ್ತಿರುವ ನನ್ನ ಮುದ್ದಿನ ಅಮ್ಮನಿಗೆ,

ಸಿಹಿಸುದ್ದಿ ಅಮ್ಮಾ, ಸಿಹಿಸುದ್ದಿ, ಮೊನ್ನೆ ಶುಕ್ರವಾರ ಸಂಜೆ ನನಗೆ ಕೊಡೆ ಅತ್ತೆಯ ಮೇಲೆ ಮತ್ತೆ ಸಿಟ್ಟು ಬಂತು!

ಸಿಹಿಸುದ್ದಿ ಅಂದ ಕೂಡಲೇ ನೀನು ಬೇರೇನೋ ಅಂದುಕೊಂಡು ಹೊಲಿಗೆ ಮಿಷನ್ನಿನ ಮುಂದಿಂದ ಎದ್ದು ನಿಂತಿರುತ್ತೀಯ. ಕೂತುಕೋ. ಆ ಸುದ್ದಿ ಅಲ್ಲ. ಈ ಮನೆಯಲ್ಲಿ ಚಹಾಕ್ಕೆ ಯಾವ ಪಾತ್ರೆ ಅನ್ನುವುದೇ ಇನ್ನೂ ತೀರ್ಮಾನವಾಗಿಲ್ಲ, ಆ ಸುದ್ದಿಗೆಲ್ಲ ಎಲ್ಲಿ ಪುರುಸೊತ್ತು! ಇನ್ನೊಂದು ಮಾತು. ಅತ್ತೆ ಅಂದರೆ ನನ್ನ ಅತ್ತೆಯವರಲ್ಲ. ಅವರು ಅಪ್ಪಟ ಬಂಗಾರ, ನಿನಗಿಂತ ಕಡಿಮೆ ಬೈಯುತ್ತಾರೆ. ನಾನು ಹೇಳುತ್ತಿರುವುದು ಟಿವಿಯ ಅತ್ತೆ, ನಮ್ಮ ಧಾರಾವಾಹಿಯ ಅತ್ತೆ. ಬಿಸಿಲಿರಲಿ ಮಳೆಯಿರಲಿ ಕರಿ ಕೊಡೆ ಹಿಡಿದೇ ಹೊಸ್ತಿಲು ದಾಟುವ, ಸೊಸೆಯನ್ನು ಕಂಡರೆ ಉರಿದುಬೀಳುವ, ನೀನು ದಿನಾ ಸಂಜೆ ಏಳಕ್ಕೆ ‘ಬಂದ್ಲಪ್ಪ ಮಹಾತಾಯಿ’ ಎಂದು ಹಲ್ಲು ಕಡಿದು ಸ್ವಾಗತಿಸುವ ಕೊಡೆ ಅತ್ತೆ.

ಇದಕ್ಕೆಲ್ಲ ಯಾರಾದರೂ ಪತ್ರ ಬರೀತಾರಾ ಅಂತ ಕೇಳುತ್ತೀಯ. ಬರೆಯಲೇಬೇಕಾಗಿದೆ. ಯಾಕೆಂದರೆ ಕೆಲವು ವಾರಗಳಿಂದ ನಾನು ನಿನಗೆ ಸುಳ್ಳು ಹೇಳುತ್ತಿದ್ದೇನೆ. ಏಳು ಗಂಟೆಗೆ ನೀನು ಫೋನ್ ಮಾಡಿದಾಗಲೆಲ್ಲ ನೆಟ್‌ವರ್ಕ್ ಇಲ್ಲ ಅಂದೆ, ನೆಂಟರು ಬಂದಿದ್ದಾರೆ ಅಂದೆ, ತಲೆನೋವು ಅಂದೆ. ನೆಂಟರು ಯಾರೂ ಬಂದಿರಲಿಲ್ಲ. ತಲೆ ಚೆನ್ನಾಗಿಯೇ ಇತ್ತು. ಕಡೆಗೆ ನೀನು ಫೋನ್ ಮಾಡುವುದನ್ನೇ ಬಿಟ್ಟು ಒಂದು ಮೆಸೇಜ್ ಹಾಕಿದೆ: ‘ಆಯ್ತು ಬಿಡು ಮಗಾ. ಹೊಸ ಮನೆ, ಹೊಸ ಸಂಸಾರ. ನಾನೊಬ್ಬಳೇ ನೋಡ್ಕೋತೀನಿ.’ ಅದನ್ನು ಓದಿ ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಬಾಲ್ಕನಿಗೆ ಹೋಗಿ ಅತ್ತುಬಿಟ್ಟೆ. ಒಣಹಾಕಲು ಬಟ್ಟೆಯೇ ಇರಲಿಲ್ಲ. ನಿನ್ನ ಅಳಿಯ ಬಂದು ಖಾಲಿ ಹಗ್ಗ ನೋಡಿದ, ನನ್ನ ಮುಖ ನೋಡಿದ, ಒಂದು ಕ್ಲಿಪ್ ತೆಗೆದು ನನ್ನ ಮೂಗಿಗೆ ಹಾಕಿ ಒಳಗೆ ಹೋದ. ಇಂಥವನನ್ನು ಎಲ್ಲಿಂದ ಹುಡುಕಿ ತಂದೆ ಅಮ್ಮಾ! ಇರಲಿ, ಅವನನ್ನು ಹೊಗಳಲು ಶುರು ಮಾಡಿದರೆ ಕಾಗದ ಸಾಲುವುದಿಲ್ಲ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ನನ್ನ ಹತ್ತಿರ ಒಂದು ಗುಟ್ಟಿದೆ. ನನ್ನ ಒಂದು ‘ಹಲೋ’ ಕೇಳಿದರೆ ಸಾಕು, ನೀನು ಅದನ್ನು ಹೊಲಿಗೆ ಬಿಚ್ಚಿದ ಹಾಗೆ ಬಿಚ್ಚಿಬಿಡುತ್ತೀಯ. ತೂತುಮಡಕೆ ಅಂತ ನೀನೇ ಹೆಸರಿಟ್ಟಿದ್ದೀಯಲ್ಲ. ಕಾಗದಕ್ಕೆ ದನಿ ಇಲ್ಲ. ಕಾಗದದಲ್ಲಿ ನಾನು ಗಟ್ಟಿ ಮಡಕೆ.

ಸರಿ, ಮೊದಲಿನಿಂದ. ಮದುವೆಯಾಗಿ ಇಲ್ಲಿಗೆ ಬಂದ ಮೇಲೂ ನಾವಿಬ್ಬರೂ ಏಳು ಗಂಟೆ ಬಿಟ್ಟಿರಲಿಲ್ಲ. ನೀನು ಅಲ್ಲಿ ಮಿಷನ್ ನಿಲ್ಲಿಸಿ, ಫೋನನ್ನು ಇಸ್ತ್ರಿಪೆಟ್ಟಿಗೆಗೆ ಒರಗಿಸಿಟ್ಟು ಟಿವಿ ಹಾಕುವುದು. ನಾನು ಇಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ ಓಡಿಬಂದು, ಚಪ್ಪಲಿ ಒಂದು ಅಲ್ಲಿ ಒಂದು ಇಲ್ಲಿ ಬಿಟ್ಟು, ಸೋಫಾದ ಮೇಲೆ ಬೀಳುವುದು. ಮಾತಿಲ್ಲ ಕತೆಯಿಲ್ಲ, ಫೋನಿನ ಲೈನು ಮಾತ್ರ ತೆರೆದಿರುವುದು. ನಿನ್ನ ಬೈಗುಳ ಒಂದು ಕ್ಷಣ ತಡವಾಗಿ ನನ್ನ ಕಿವಿಗೆ ಬೀಳುತ್ತಿತ್ತು, ಅಷ್ಟೇ ದೂರ ನಮಗೆ. ಹಾಗಿರುವಾಗ ಈ ಊರಿಗೆ ನಮ್ಮ ಧಾರಾವಾಹಿಯ ನಟ ನಟಿಯರೇ ಬರುತ್ತಾರೆ, ಅಭಿಮಾನಿಗಳ ಸಮಾವೇಶ, ಟಿಕೆಟ್ ತಗೊಂಡವರು ಹತ್ತಿರ ಹೋಗಿ ಮಾತಾಡಬಹುದು ಅಂತ ಗೊತ್ತಾದಾಗ ನಾನು ಕ್ಲಿನಿಕ್ಕಿನಲ್ಲಿ ಕಿರುಚಿದ ಕಿರುಚಿಗೆ ಒಳಗೆ ಹಲ್ಲು ಕೀಳಿಸಿಕೊಳ್ಳುತ್ತಿದ್ದವರೇ ಸುಮ್ಮನಾದರಂತೆ. ಆದರೆ ನನಗಿಂತ ಕುಣಿದದ್ದು ನೀನು. ಮರುದಿನವೇ ಕೊರಿಯರ್‌ನಲ್ಲಿ ಒಂದು ಪೊಟ್ಟಣ ಕಳಿಸಿದೆ. ಪೊಟ್ಟಣದೊಳಗೆ ಪೊಟ್ಟಣ, ಅದರೊಳಗೆ ಒಂದೇ ಒಂದು ಗುಂಡಿ.

ನಿನ್ನ ಅಳಿಯನಿಗೆ ಇದನ್ನು ವಿವರಿಸಿ ಹೇಳುವುದರಲ್ಲಿ ನನಗೆ ಸಾಕುಬೇಕಾಯಿತು. ಕೂರಿಸಿಕೊಂಡು ಹೇಳಿದೆ. ನೋಡು, ನಮ್ಮ ಧಾರಾವಾಹಿಯಲ್ಲಿ ದೀಪದ ಮಾಮ ಅಂತ ಒಬ್ಬರಿದ್ದರು, ಸಮುದ್ರದಂಡೆಯ ದೀಪಸ್ತಂಭ ಕಾಯುವವರು, ಕೊಡೆ ಅತ್ತೆಯ ತಮ್ಮ. ಬಿರುಗಾಳಿಯ ಸಂಜೆ ಯಾರನ್ನೋ ಉಳಿಸಲು ದೋಣಿ ಇಳಿಸಿದವರು ವಾಪಸು ಬರಲಿಲ್ಲ. ಧಾರಾವಾಹಿಯಲ್ಲಿ ಎಲ್ಲರೂ ಅತ್ತು ಮುಗಿಸಿದರು, ಫೋಟೋ ಗೋಡೆಗೆ ಏರಿತು. ನಮ್ಮಮ್ಮ ಮಾತ್ರ ಒಪ್ಪಲಿಲ್ಲ. ಹೆಣ ಸಿಕ್ಕಿತಾ, ಕೋಟು ಸಿಕ್ಕಿತಾ, ಏನೂ ಇಲ್ಲದೆ ಫೋಟೋ ಹಾಕೋಕೆ ಇವರು ಯಾರು ಅಂತ ವಾದ. ದೋಣಿ ಹತ್ತುವಾಗ ಅವರ ಕೋಟಿನ ಎರಡನೇ ಗುಂಡಿ ಇರಲಿಲ್ಲ, ಅದನ್ನು ನೋಡಿದ್ದು ಇಡೀ ಲೋಕದಲ್ಲಿ ಅಮ್ಮ ಒಬ್ಬಳೇ. ಆವತ್ತಿನಿಂದ ಅದೇ ಚಿಂತೆ. ಎದೆ ಮೇಲೆ ಗಾಳಿ ಹೊಡೆಯುತ್ತೆ, ಬರೋವಾಗಾದರೂ ಯಾರಾದರೂ ಒಂದು ಗುಂಡಿ ಹಾಕಿಕೊಡಬಾರದಾ ಅಂತ.

ಇವನು ಎಲ್ಲ ಕೇಳಿ, ನಿಮ್ಮಮ್ಮ ಹುಷಾರಾಗಿದ್ದಾರೆ ತಾನೇ ಅಂತ ಕೇಳಿದ. ದಿಂಬು ತೆಗೆದು ಹೊಡೆದೆ.

ಅಪ್ಪ ಹೋದ ಮೇಲೆ ಸಂಜೆಗಳು ಉದ್ದವಾದವು ಅಂತಲೇ ನಾವು ಈ ಧಾರಾವಾಹಿ ನೋಡಲು ಶುರು ಮಾಡಿದ್ದು, ಅಲ್ಲವಾ? ದೀಪದ ಮಾಮ ಬಂದೇ ಬರುತ್ತಾನೆ ಅಂತ ನೀನು ಯಾಕೆ ಅಷ್ಟು ಹಟ ಹಿಡಿಯುತ್ತೀಯ ಅಂತ ನಾನು ಯಾವತ್ತೂ ಕೇಳಿಲ್ಲ. ಕೇಳುವುದೂ ಇಲ್ಲ. ಗುಂಡಿಯನ್ನು ಕರ್ಚೀಫಿನ ತುದಿಗೆ ಗಂಟು ಹಾಕಿಕೊಂಡು ಹೊರಟೆ.

ದೊಡ್ಡ ವಸ್ತುಪ್ರದರ್ಶನದ ಹಾಲ್ ಅಮ್ಮಾ, ಮಾತಾಡಿದರೆ ಮಾತು ಛಾವಣಿಗೆ ಹೋಗಿ ಬರುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಮೇಜು, ಮೇಜಿನ ಮುಂದೆ ಹಗ್ಗ ಕಟ್ಟಿದ ಸಾಲು. ಸೊಸೆಯ ಪಾತ್ರದವಳ ಸಾಲು ಬಾಗಿಲಾಚೆ ಮೆಟ್ಟಿಲಿಳಿದು ಸೈಕಲ್ ಸ್ಟ್ಯಾಂಡಿನವರೆಗೂ ಇತ್ತು. ಕೊಡೆ ಅತ್ತೆಯ ಮುಂದೆ ಸಾಲೇ ಇಲ್ಲ! ಎಲ್ಲರೂ ದೂರದಿಂದ ಫೋಟೋ ಹೊಡೆದು ಓಡಿಹೋಗುವವರೇ. ಹತ್ತಿರ ಹೋದವರು ಒಬ್ಬರೇ, ನಿನ್ನ ವಯಸ್ಸಿನ ಹೆಂಗಸು. ಬೆರಳು ಅಲ್ಲಾಡಿಸುತ್ತಾ, ಆ ಹುಡುಗಿ ನಿಂಗೇನೇ ಅನ್ಯಾಯ ಮಾಡಿದ್ದಾಳೆ, ನಿನ್ನ ಹೊಟ್ಟೇಲಿ ಹೆಣ್ಣು ಹುಟ್ಟಿಲ್ವಾ ಅಂತ ಎಲ್ಲರೆದುರು ಬೈದರು. ಕೊಡೆ ಅತ್ತೆ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡು, ತಪ್ಪಾಯ್ತಮ್ಮ, ಇನ್ಮೇಲೆ ಚೆನ್ನಾಗಿ ನೋಡ್ಕೋತೀನಿ ಅಂದರು. ಆ ಹೆಂಗಸು, ನೋಡ್ತೀನಿ, ನಾಳೆ ಏಳು ಗಂಟೆಗೆ ಗೊತ್ತಾಗುತ್ತೆ ಅಂತ ಎಚ್ಚರಿಸಿ ಹೋದರು. ನೀನೇ ವೇಷ ಮರೆಸಿಕೊಂಡು ಬಂದಿದ್ದೀಯೇನೋ ಅಂತ ನಾನು ಮುಖ ನೋಡಿಕೊಂಡು ಬಂದೆ.

ಇಲ್ಲಿಂದಲೇ ನನ್ನ ಕಷ್ಟ ಶುರುವಾದದ್ದು. ಆ ಹೆಂಗಸು ಹೋದ ಮೇಲೆ ಪಕ್ಕದ ಮೇಜಿನಿಂದ ಸೊಸೆ ಎದ್ದು ಬಂದಳು. ಅಷ್ಟುದ್ದ ಸಾಲನ್ನು ನಿಲ್ಲಿಸಿ ಬಂದು, ಕೊಡೆ ಅತ್ತೆಯ ಕಾಲ ಬಳಿ ಕೂತು, ಚೀಲದಿಂದ ಮುಲಾಮು ತೆಗೆದು ಮೊಣಕಾಲಿಗೆ ತಿಕ್ಕಿದಳು. ಅತ್ತೆ ಅವಳ ಬಾಯಿಗೆ ಬಿಸ್ಕತ್ತು ಇಟ್ಟರು. ಇಬ್ಬರೂ ಏನೋ ಹೇಳಿಕೊಂಡು ಕಿಸಕಿಸ ನಕ್ಕರು. ನಾನು ಬಾಯಿ ತೆರೆದು ನಿಂತುಬಿಟ್ಟೆ. ಕೊಡೆ ಅತ್ತೆ ನನ್ನನ್ನು ಕಂಡು, ಹೊಸ ಮದುಮಗಳೇನಮ್ಮ, ಮುಖದಲ್ಲೇ ಬರೆದಿದೆ, ಬಾ ಇಲ್ಲಿ ಅಂತ ಕರೆದರು. ಇವನನ್ನೂ ಕರೆದು ಏನು ಕೆಲಸ ಅಂತ ಕೇಳಿದರು. ಲಿಫ್ಟ್ ರಿಪೇರಿ ಅಂದನೋ ಇಲ್ಲವೋ, ಅವನ ಕೈ ಹಿಡಿದುಕೊಂಡುಬಿಟ್ಟರು. ಶೂಟಿಂಗ್ ನಡೆಯುವ ಕಟ್ಟಡದ ಲಿಫ್ಟು ನಿಂತು ನಿಂತು ಹೋಗುತ್ತದಂತೆ, ಈ ಮೊಣಕಾಲಲ್ಲಿ ಮೂರು ಮಹಡಿ ಹತ್ತಬೇಕಂತೆ. ಹೇಗೆ ಸದ್ದು ಮಾಡುತ್ತೆ ಅಂತ ಇವನು ಡಾಕ್ಟರ ಹಾಗೆ ಕೇಳಿದ. ಅವರು ಬಾಯಲ್ಲಿ ಆ ಸದ್ದು ಮಾಡಿ ತೋರಿಸಿದರು. ಇಡೀ ಹಾಲ್ ತಿರುಗಿ ನೋಡಿತು! ಬಾಗಿಲು ಜಾರುವ ಸಂದಿಯಲ್ಲಿ ಕಸ ಕೂತಿದೆ, ಒರೆಸೋಕೆ ಹೇಳಿ, ಅದಕ್ಕೂ ಹೋಗದಿದ್ದರೆ ನಾನೇ ಬರ್ತೀನಿ ಅಂದ ನಿನ್ನ ಅಳಿಯ. ಅವತ್ತಿನಿಂದ ಅವರು ಇವನಿಗೆ ‘ನಮ್ಮತ್ತೆ’.

ಸೊಸೆ ಇನ್ನೂ ಏನೇನೋ ಹೇಳಿದಳು. ಮಳೆ ಸುರಿಯುವುದು ಪೈಪಿನಿಂದಂತೆ, ನೆಗಡಿಯಾಗದಿರಲಿ ಅಂತ ಅದಕ್ಕೆ ಬಿಸಿನೀರು ಬೆರೆಸುತ್ತಾರಂತೆ. ಬಿರುಗಾಳಿಯ ದಿನದ ಸಮುದ್ರ ಏನು ಅಂತಲೂ ಹೇಳಿದಳು, ಅದನ್ನು ಮಾತ್ರ ನಿನಗೆ ಹೇಳುವುದಿಲ್ಲ. ನಿನ್ನ ಮನಸ್ಸು ಮುರಿಯುತ್ತದೆ. ನೀಲಿ ಬಣ್ಣದ್ದು, ನೀನು ಬಟ್ಟೆ ತರುವ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ ಅಂತಷ್ಟೇ... ಅಯ್ಯೋ, ಹೇಳಿಬಿಟ್ಟೆನಾ?

ಮರುದಿನ ಏಳು ಗಂಟೆಗೆ ನಿನ್ನ ಜೊತೆ ಲೈನಿನಲ್ಲಿ ಕೂತೆ. ಆವತ್ತೇ ಕೊಡೆ ಅತ್ತೆ ಸೊಸೆಯನ್ನು ಮಳೆಗೆ ನೂಕಿ ಬಾಗಿಲು ಹಾಕಿಕೊಂಡದ್ದು. ನೀನು ಅಲ್ಲಿ ಕುದಿಯುತ್ತಿದ್ದೆ. ನನಗೋ ಮುಲಾಮಿನ ವಾಸನೆ ಬಂದ ಹಾಗಾಯಿತು. ಮಳೆ ಬೆಚ್ಚಗಿದೆ ಅಂತ ಗೊತ್ತಿತ್ತು. ಪಾಪ ಎಷ್ಟು ಹೊತ್ತಿನಿಂದ ಆ ಕಾಲಲ್ಲಿ ನಿಂತಿದ್ದಾರೋ ಅನ್ನಿಸಿತು. ನಕ್ಕುಬಿಟ್ಟೆ. ಯಾಕೇ ನಗ್ತೀಯ, ಆ ಮಗು ಮಳೇಲಿ ನೆಂದು ತೊಪ್ಪೆಯಾಗಿದೆ, ನಿನಗೆ ಕರುಳು ಅನ್ನೋದು ಇದೆಯಾ ಅಂತ ನೀನು ಗದರಿದೆ. ಕೆಮ್ಮು ಅಂದೆ.

ಆಮೇಲೆ ದಿನಾ ಅದೇ. ಯಾರು ಅತ್ತರೂ ನನಗೆ ಬಿಸ್ಕತ್ತು ಕಾಣುತ್ತಿತ್ತು. ಒಬ್ಬರನ್ನು ಕಣ್ಣಾರೆ ಕಂಡು ಮಾತಾಡಿಸಿದರೆ ಪ್ರೀತಿ ಹೆಚ್ಚುತ್ತದೆ ಅಂದುಕೊಂಡು ಹೋಗಿದ್ದೆ. ಹೆಚ್ಚಿತು ನಿಜ, ಆದರೆ ಪ್ರೀತಿ ಆ ಮನುಷ್ಯರ ಕಡೆ ಹೋಯಿತು, ಕತೆ ಬರಿದಾಯಿತು. ಜಾದೂಗಾರನ ತೋಳಿನೊಳಗೆ ಕೈ ಹಾಕಿ ನೋಡಿದವಳ ಪಾಡು. ಅದಕ್ಕಿಂತ ಹೆದರಿಕೆ ಇನ್ನೊಂದು. ನಾನು ನಕ್ಕು, ಬಾಯಿ ತಪ್ಪಿ ಏನಾದರೂ ಅಂದು, ನಿನ್ನದನ್ನೂ ಕೆಡಿಸಿಬಿಟ್ಟರೆ? ನಿನಗೆ ಆ ಮಳೆ ತಣ್ಣಗೇ ಇರಬೇಕು. ಅದಕ್ಕೇ ತಪ್ಪಿಸಿಕೊಂಡೆ. ಮದುವೆಯಾದ ಮೇಲೆ ಮಗಳು ಬದಲಾದಳು ಅಂತ ನೀನು ಅಂದುಕೊಂಡೆ. ಬದಲಾಗಿಲ್ಲಮ್ಮಾ. ನಿನ್ನ ಏಳು ಗಂಟೆಯನ್ನು ಕಾಪಾಡಲು ಹೋಗಿ ನಮ್ಮ ಏಳು ಗಂಟೆಯನ್ನೇ ಕಳೆಯುತ್ತಿದ್ದೆ. ನನ್ನ ಇಂಗ್ಲಿಷ್ ಶಾಲೆಯ ಬುದ್ಧಿಗೆ ಇದಕ್ಕಿಂತ ಒಳ್ಳೆಯ ಉಪಾಯ ಹೊಳೆಯಲಿಲ್ಲ.

ಇನ್ನು ಮಜಾ ಕೇಳು. ಇದುವರೆಗೆ ಈ ಧಾರಾವಾಹಿ ಅಂದರೆ ಆಕಳಿಸುತ್ತಿದ್ದ ನಿನ್ನ ಅಳಿಯ ಈಗ ಆರೂ ಮುಕ್ಕಾಲಿಗೇ ಟಿವಿ ಮುಂದೆ ಹಾಜರು! ನಾನು ಅಡುಗೆಮನೆಯಲ್ಲಿ ಮುಖ ಊದಿಸಿಕೊಂಡು ಪಾತ್ರೆ ಕುಕ್ಕುತ್ತಿದ್ದರೆ, ಅವನು ಅಲ್ಲಿಂದ ವರದಿ ಒಪ್ಪಿಸುತ್ತಾನೆ. ನಮ್ಮತ್ತೆ ಬಂದ್ರು, ನಮ್ಮತ್ತೆ ಮೆಟ್ಟಿಲು ಹತ್ತಿದ್ರು, ಆ ಕಾಲಲ್ಲಿ ಹೆಂಗ್ ಹತ್ತಿದ್ರು ನೋಡೇ, ಅಬ್ಬಾ, ಕೊಲೆಗಾತಿ ಕಣೇ ಅವರು! ಅವರನ್ನು ಕಂಡದ್ದರಿಂದಲೇ ಇವನಿಗೆ ಕತೆ ಹತ್ತಿತು, ಕಂಡದ್ದರಿಂದಲೇ ನನಗೆ ಬಿಟ್ಟುಹೋಯಿತು. ಇದ್ಯಾವ ನ್ಯಾಯ ಅಂತ ಜಗಳಕ್ಕೆ ಹೋದೆ. ಎಲ್ಲ ಸುಳ್ಳು ಅಂತ ಗೊತ್ತಿದ್ದೂ ಹೇಗೆ ನೋಡ್ತೀಯ ಅಂದೆ. ಅವನು ತಲೆ ಕೆರೆದುಕೊಂಡು, ದಿನಾ ಲಿಫ್ಟ್ ಬಿಚ್ಚಿ ಜೋಡಿಸ್ತೀನಿ, ಯಾವ ಹಗ್ಗ ಎಲ್ಲಿ ಎಳೆಯುತ್ತೆ ಅಂತ ಎಲ್ಲ ಗೊತ್ತು, ಆದ್ರೂ ಮೇಲಿಂದ ಇಳಿಯೋವಾಗ ಹೊಟ್ಟೇಲಿ ಕಚಗುಳಿ ಆಗುತ್ತೆ ಕಣೇ, ಈಗಲೂ ಆಗುತ್ತೆ ಅಂದ. ಹಾಗಂದು ಮತ್ತೆ ಟಿವಿಗೆ ತಿರುಗಿದ. ಅವನಿಗೆ ತಾನೇನೋ ದೊಡ್ಡ ಮಾತು ಹೇಳಿದೆ ಅಂತ ಅನ್ನಿಸಲೂ ಇಲ್ಲ.

ನಾನು ಕೈ ಒರೆಸಿಕೊಂಡು ಬಂದು ಅವನ ಪಕ್ಕ ಕೂತೆ. ಒಂದು ದಿನ ಏನೂ ಆಗಲಿಲ್ಲ. ಮರುದಿನ ಕೊಡೆ ಅತ್ತೆಯ ಮೊಣಕಾಲನ್ನೇ ನೋಡುತ್ತಾ ಕೂತೆ. ಎಲ್ಲಿ ನೋವಾಗುತ್ತೆ, ಅದನ್ನು ಎಲ್ಲಿ ಬಚ್ಚಿಡುತ್ತಾರೆ ಅಂತ ಹುಡುಕುತ್ತಾ ಹುಡುಕುತ್ತಾ ಅವರು ಹೆಜ್ಜೆ ಇಡುವ ರೀತಿಗೇ ಬೆರಗಾದೆ. ಮೊನ್ನೆ ಶುಕ್ರವಾರ, ನೀನೂ ನೋಡಿರುತ್ತೀಯ, ಸೊಸೆ ಒಲೆಯ ಮೇಲಿಟ್ಟ ಹಾಲನ್ನು ಅತ್ತೆ ಸದ್ದಿಲ್ಲದೆ ಬಂದು ಕೊಡೆಯ ತುದಿಯಿಂದ ತಳ್ಳಿ ಬೀಳಿಸಿ, ಆಮೇಲೆ ‘ನೋಡಿಕೊಳ್ಳೋಕಾಗಲ್ವಾ ನಿನಗೆ’ ಅಂತ ಅವಳನ್ನೇ ಬೈದದ್ದು. ನಾನು ಸೋಫಾದಿಂದ ಎದ್ದು ನಿಂತು, ಥೂ ಪಾಪಿ, ನೀನೇ ಬೀಳಿಸಿ ಅವಳನ್ನ ಬೈತೀಯಾ ಅಂತ ಕೂಗಿದೆ! ಕೂಗಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ. ಪಕ್ಕದ ಮನೆಯಲ್ಲಿ ಹೊಸ ದಂಪತಿಗಳ ಮೊದಲ ಜಗಳ ಅಂದುಕೊಂಡಿರುತ್ತಾರೆ. ಮುಲಾಮೂ ಇರಲಿಲ್ಲ, ಬಿಸ್ಕತ್ತೂ ಇರಲಿಲ್ಲ. ಇದ್ದದ್ದು ಕೊಡೆ ಅತ್ತೆ, ಚೆಲ್ಲಿದ ಹಾಲು ಮತ್ತು ನನ್ನ ಸಿಟ್ಟು. ಎಷ್ಟು ಹಿತವಾಗಿತ್ತು ಅಂದರೆ, ನಿನಗೆ ಹೇಳಬೇಕು ಅಂತ ಆ ಕ್ಷಣವೇ ಫೋನ್ ಕೈಗೆ ತೆಗೆದುಕೊಂಡೆ. ತೆಗೆದುಕೊಂಡು ಕೆಳಗಿಟ್ಟೆ.

ಯಾಕೆಂದರೆ ಗುಟ್ಟು. ಅದನ್ನು ಇನ್ನೂ ಹೇಳಿಲ್ಲ ಅಲ್ಲವಾ.

ಸಮಾವೇಶದಲ್ಲಿ ದೀಪದ ಮಾಮನ ಮೇಜು ಕಡೆಯಲ್ಲಿತ್ತು. ಧಾರಾವಾಹಿಯಲ್ಲಿ ಸತ್ತು ಇಷ್ಟು ದಿನವಾದವರನ್ನು ಯಾರು ಕೇಳುತ್ತಾರೆ? ಒಬ್ಬರೇ ಕೂತು ಪದಬಂಧ ತುಂಬಿಸುತ್ತಿದ್ದರು. ಟಿವಿಯಲ್ಲಿ ಕಂಡದ್ದಕ್ಕಿಂತ ಕುಳ್ಳು, ಮೆತ್ತನೆ ಮಾತು. ನಾನು ಕರ್ಚೀಫಿನ ಗಂಟು ಬಿಚ್ಚಿ ಗುಂಡಿ ಮೇಜಿನ ಮೇಲಿಟ್ಟೆ. ನೀವು ದೋಣಿ ಹತ್ತುವಾಗ ಕೋಟಿನ ಎರಡನೇ ಗುಂಡಿ ಇರಲಿಲ್ಲ, ನಮ್ಮಮ್ಮ ಕಳಿಸಿದ್ದಾಳೆ, ಟೈಲರ್, ದಪ್ಪ ನೂಲಲ್ಲಿ ಹಾಕಿಸಿಕೊಳ್ಳಬೇಕಂತೆ ಅಂದೆ. ಅವರಿಗೆ ಗುಂಡಿ ಬಿದ್ದದ್ದೇ ಗೊತ್ತಿರಲಿಲ್ಲ! ಮೊದಲು ಜೋರಾಗಿ ನಕ್ಕರು, ಕೊಡೆ ಅತ್ತೆಯನ್ನು ಕೂಗಿ ತೋರಿಸಿದರು, ಅವರೂ ನಕ್ಕರು. ಆಮೇಲೆ ಗುಂಡಿಯನ್ನು ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡಿದರು. ನಿಮ್ಮಮ್ಮ ಇನ್ನೂ ನನಗೆ ಕಾಯ್ತಿದ್ದಾರಾ ಅಂತ ಕೇಳಿದರು. ದಿನಾ ಅಂದೆ. ಗುಂಡಿಯನ್ನು ಎದೆ ಜೇಬಿಗೆ ಹಾಕಿಕೊಂಡು, ಇಲ್ಲಿ ಬಗ್ಗು ಮಗಳೇ ಅಂತ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದರು. ಯಾರಿಗೂ ಹೇಳಬಾರದು ಅಂತ ಮಾತು ತೆಗೆದುಕೊಂಡರು. ಅಮ್ಮನಿಗೂ ಹೇಳಬಾರದಾ ಅಂತ ಅಂಗಲಾಚಿದೆ. ಬೇರೆಯವರಿಗೆ ಹೇಳಿದರೂ ಪರವಾಗಿಲ್ಲ, ಅಮ್ಮನಿಗೇ ಹೇಳಬಾರದು, ಕಾಯ್ತಿರೋದು ಅವರೊಬ್ಬರೇ ಅಲ್ವಾ ಅಂದರು.

ಆದ್ದರಿಂದ ನಾನು ಹೇಳುವುದಿಲ್ಲ. ಒಳ್ಳೆಯದೋ ಕೆಟ್ಟದ್ದೋ ಅಂತಲೂ ಹೇಳುವುದಿಲ್ಲ. ನೀನು ಇದನ್ನು ಬೆಳಕಿಗೆ ಹಿಡಿದು ನೋಡಿದರೂ ಏನೂ ಸಿಗುವುದಿಲ್ಲ. ಆದರೆ ಆ ಗುಟ್ಟು ಬಯಲಾಗುವ ಕಂತನ್ನು ನಾನು ಫೋನಿನ ಲೈನಿನಲ್ಲಿ ನೋಡಲಾರೆ ಅಮ್ಮಾ. ಟಿವಿ ನೋಡುವುದೂ ಇಲ್ಲ, ನನಗೆ ಗೊತ್ತಿರುವುದೇ. ನಾನು ನೋಡಬೇಕಾದದ್ದು ನಿನ್ನ ಮುಖ. ಕ್ಲಿನಿಕ್ಕಿನಲ್ಲಿ ರಜೆ ಕೇಳಿದೆ. ಯಾಕೆ ಅಂದರು ಡಾಕ್ಟರು. ತಾಯಿಯನ್ನು ನೋಡಬೇಕು ಅಂದೆ, ನಿಜವನ್ನೇ ಹೇಳಿದೆ. ನಿನ್ನ ಅಳಿಯನೂ ಬರುತ್ತಾನೆ. ಅವನಿಗೆ ಅತ್ತೆಯ ಮನೆಯಲ್ಲಿ ಕೂತು ‘ನಮ್ಮತ್ತೆ’ಯನ್ನು ನೋಡುವ ಆಸೆ. ನೀನು ಎಷ್ಟು ಬೇಕಾದರೂ ಬೈಯಬಹುದು, ನಿನ್ನ ಬಾಯಿಂದ ಆ ಬೈಗುಳ ನೇರವಾಗಿ ಕೇಳಬೇಕು ಅಂತ ಅವನು ಕಾಯುತ್ತಿದ್ದಾನೆ. ಯಾವ ದಿನ ಅಂತ ಕಡೆಗೆ ಬರೆಯುತ್ತೇನೆ.

ಇನ್ನು ಮೇಲೆ ನೆಟ್‌ವರ್ಕ್ ಚೆನ್ನಾಗಿರುತ್ತದೆ, ನೆಂಟರು ಯಾರೂ ಬರುವುದಿಲ್ಲ. ಇದು ಕೈಗೆ ಸಿಕ್ಕ ದಿನವೇ ಏಳಕ್ಕೆ ಫೋನ್ ಮಾಡು. ಗುಟ್ಟಿನ ಬಗ್ಗೆ ಏನೂ ಕೇಳಬೇಡ, ಬರೀ ಬೈಯುತ್ತಿರು.

ನಿನ್ನ ಮಡಿಲಿಗೆ ಈಗಲೇ ತಲೆ ಇಟ್ಟಾಗಿರುವ,
ನಿನ್ನ ತೂತುಮಡಕೆ

ಮರೆತಿದ್ದೆ: ಆ ಸಂಜೆ ಟಿವಿ ಮುಂದೆ ಕೂರುವಾಗ ಕನ್ನಡಕ ಹಾಕಿಕೋ, ದೂರದ್ದಲ್ಲ, ಸೂಜಿಗೆ ದಾರ ಪೋಣಿಸುವಾಗ ಹಾಕುತ್ತೀಯಲ್ಲ, ಅದು. ಕುರ್ಚಿ ಹತ್ತಿರಕ್ಕೆ ಎಳೆದುಕೋ. ಬಾಗಿಲು ತಟ್ಟಿದ ಸದ್ದಾಗಿ ಕೊಡೆ ಅತ್ತೆ ಹೋಗಿ ತೆರೆದಾಗ ಮುಖ ಆಮೇಲೆ ನೋಡಿದರಾಯಿತು, ಮೊದಲು ಕೋಟಿನ ಎರಡನೇ ಗುಂಡಿ ನೋಡು, ದಪ್ಪ ನೂಲಲ್ಲೇ ಹಾಕಿಸಿದ್ದಾರಾ ಅಂತ. ನಾನು ಮಾತ್ರ ಏನೂ ಹೇಳಿಲ್ಲ. ಗುರುವಾರ ಬರುತ್ತೇವೆ, ಮಧ್ಯಾಹ್ನದ ಪ್ಯಾಸೆಂಜರ್ ಗಾಡಿಗೆ.